ಹಾವಿನ ಪೊರೆ ಅಂಟಿಕೊಂಡರೆ: ಎಳೆಯಬಾರದು, ನೆನೆಸಬೇಕು

ಕಳೆದ ಮಾರ್ಚ್ ತಿಂಗಳಿನ ಒಂದು ಬೆಳಗ್ಗೆ ನಮ್ಮ ಐದನೆಯ ತರಗತಿಯ ಹುಡುಗನೊಬ್ಬನು ಬಾಳೆಲೆಯಲ್ಲಿ ಸುತ್ತಿದ ಹಾವಿನ ಪೊರೆಯೊಂದನ್ನು ತಂದು ಮೇಜಿನ ಮೇಲಿಟ್ಟನು. ಅವರ ಮನೆಯ ಹಟ್ಟಿಯ ಹಿಂದೆ ಮುರಕಲ್ಲಿನ ಕಟ್ಟೆಯ ಸಂದಿನಲ್ಲಿ ಅದು ಸಿಕ್ಕಿತಂತೆ. ಪೊರೆಯು ಇಡಿಯಾಗಿರಲಿಲ್ಲ, ಹರಿದು ಮೂರು ತುಂಡಾಗಿತ್ತು. ತಲೆಯ ಭಾಗವಿರಲಿಲ್ಲ, ಬಾಲದ ತುದಿಯೂ ಇರಲಿಲ್ಲ. ಹುಡುಗನು ಕೇಳಿದನು: "ಮಾಸ್ಟ್ರೇ, ಉಳಿದದ್ದು ಎಲ್ಲಿ ಹೋಯಿತು?"

ಪ್ರಶ್ನೆ ಬಹಳ ಒಳ್ಳೆಯದು. ಉಳಿದದ್ದು ಕಲ್ಲಿನ ಸಂದಿನಲ್ಲೇ ಸಿಕ್ಕಿಕೊಂಡಿರಬಹುದು. ಅಥವಾ ಹಾವಿನ ಮೈಮೇಲೆಯೇ ಅಂಟಿಕೊಂಡಿರಬಹುದು. ಹಾಗೆ ಅಂಟಿಕೊಂಡರೆ ಹಾವಿಗೆ ಏನಾಗುತ್ತದೆ? ನಾವು ಏನು ಮಾಡಬೇಕು, ಏನು ಮಾಡಬಾರದು? ಇದೇ ಇಂದಿನ ಪಾಠ.

ಕೃಷಿ ಪುಟದಲ್ಲಿ ಹಾವಿನ ಪಾಠವೇಕೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಅಡಿಕೆ ತೋಟ, ಗದ್ದೆ, ಹುಲ್ಲಿನ ಮನೆಗಳಲ್ಲಿ ಇಲಿಗಳನ್ನು ಹಿಡಿಯುವ ಕೇರೆ ಹಾವು ಸಂಬಳವಿಲ್ಲದ ಕಾವಲುಗಾರ. ಅದರ ಕಷ್ಟವನ್ನು ತಿಳಿದಿರುವುದು ನಮಗೇ ಲಾಭ. ಎರಡನೆಯದು, ನಮ್ಮೂರಿನ ಹುಡುಗರು ಈಗ ದೇಶ ವಿದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಕೆಲವರು ವಿಷವಿಲ್ಲದ ಹಾವುಗಳನ್ನು ಗಿಳಿ, ಮೊಲಗಳಂತೆ ಮನೆಯಲ್ಲಿ ಸಾಕುತ್ತಾರೆ. ಅಂಥ ಒಬ್ಬ ಶಿಷ್ಯನು ನಮ್ಮನ್ನು ಇದೇ ವಿಷಯವಾಗಿ ಕೇಳಿದ್ದುಂಟು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಪೊರೆ ಎಂದರೇನು?

ನಮ್ಮ ಚರ್ಮದ ಮೇಲ್ಪದರವೂ ದಿನದಿನವೂ ಸವೆದು ಉದುರುತ್ತಿರುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಹೋಗುವುದರಿಂದ ನಮಗೆ ತಿಳಿಯುವುದಿಲ್ಲ. ಹಾವಿನಲ್ಲಿ ಈ ಕೆಲಸವು ಒಮ್ಮೆಗೇ ಆಗುತ್ತದೆ. ಅದರ ಮೈಯ ಹೊರಪದರವು ನಮ್ಮ ಉಗುರು, ಎತ್ತಿನ ಕೊಂಬುಗಳಲ್ಲಿರುವ ಕೆರಟಿನ್ ಎಂಬ ವಸ್ತುವಿನಿಂದ ಆಗಿರುತ್ತದೆ. ಅದು ಸತ್ತ ಪದರ. ಹಾವು ಬೆಳೆದಂತೆ ಅದು ಬೆಳೆಯಲಾರದು. ಆದ್ದರಿಂದ ಒಳಗೆ ಹೊಸ ಪದರವು ಸಿದ್ಧವಾದಾಗ ಹಾವು ಹಳೆಯದನ್ನು ಕಳಚಿ ಹಾಕುತ್ತದೆ. ಕಳಚಿದ ಆ ಹಳೆಯ ಪದರವೇ ಪೊರೆ.

ಹೊಸೂರು, ತಾಳವಾಡಿಗಳ ಕಡೆಯ ರೇಷ್ಮೆ ರೈತರಿಗೆ ಈ ಮಾತು ಹೊಸದಲ್ಲ. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ನಾಲ್ಕು ಸಲ ಜ್ವರಕ್ಕೆ ಕೂತು ಚರ್ಮ ಬದಲಿಸುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ತಿನ್ನದೆ, ಅಲುಗಾಡದೆ ಇರುತ್ತದೆ. ಆಗ ಹುಳುವನ್ನು ಮುಟ್ಟಬಾರದೆಂದು ಮನೆಯ ಮಕ್ಕಳಿಗೂ ಗೊತ್ತು. ಹಾವಿಗೂ ಅದೇ ನಿಯಮ. ಭೇದವೇನೆಂದರೆ ಹಾವಿಗೆ ನಾಲ್ಕು ಸಲವೆಂಬ ಲೆಕ್ಕವಿಲ್ಲ. ಅದು ಬದುಕಿರುವವರೆಗೂ ಪೊರೆ ಬಿಡುತ್ತದೆ. ಬೇಗ ಬೆಳೆಯುವ ಮರಿಗಳು ಕೆಲವೇ ವಾರಗಳಿಗೊಮ್ಮೆ, ದೊಡ್ಡ ಹಾವುಗಳು ವರ್ಷಕ್ಕೆ ಕೆಲವು ಸಲ ಬಿಡುತ್ತವೆ.

ಪೊರೆ ಬಿಟ್ಟ ಮೇಲೆ ಹಾವಿಗೆ ಹೊಸ ಪ್ರಾಯ ಬರುವುದೆಂದೂ, ವಿಷವು ಇಳಿದುಹೋಗುವುದೆಂದೂ ಕೆಲವರು ಹೇಳುವುದುಂಟು. ಎರಡೂ ನಿಜವಲ್ಲ. ವಿಷದ ಚೀಲವಿರುವುದು ತಲೆಯೊಳಗೆ. ಪೊರೆಗೂ ಅದಕ್ಕೂ ಸಂಬಂಧವಿಲ್ಲ. ಪೊರೆ ಬಿಟ್ಟ ನಾಗರಹಾವು ಹಿಂದಿನಷ್ಟೇ ಅಪಾಯಕಾರಿ.

ಪೊರೆ ಬಿಡುವ ಕ್ರಮ

ಮೊದಲು ಹಾವಿನ ಮೈಬಣ್ಣವು ಮಂಕಾಗುತ್ತದೆ. ಹಳೆಯ ಪದರಕ್ಕೂ ಹೊಸ ಪದರಕ್ಕೂ ನಡುವೆ ಒಂದು ಬಗೆಯ ದ್ರವವು ಹರಡಿ ಎರಡನ್ನೂ ಬೇರ್ಪಡಿಸುತ್ತದೆ. ಆಗ ಕಣ್ಣುಗಳು ಹಾಲು ಬೆರೆಸಿದ ನೀಲಿ ನೀರಿನಂತೆ ಕಾಣುತ್ತವೆ. ಹಾವಿಗೆ ಕಣ್ಣಿನ ರೆಪ್ಪೆಯಿಲ್ಲ. ಅದರ ಬದಲು ಕಣ್ಣಿನ ಮೇಲೆ ಗಡಿಯಾರದ ಗಾಜಿನಂತೆ ಪಾರದರ್ಶಕವಾದ ಒಂದು ಕವಚವಿರುತ್ತದೆ. ಈ ಕವಚದ ಹೊರಪದರವೂ ಪೊರೆಯ ಜೊತೆಗೆ ಕಳಚಬೇಕು. ನಮ್ಮಲ್ಲಿ ಮುದುಕರಿಗೆ ಬರುವ ಕಣ್ಣಿನ ಪೊರೆ ಬೇರೆ, ಹಾವಿನ ಕಣ್ಣಿನ ಪೊರೆ ಬೇರೆ. ಮುದುಕರದು ರೋಗ, ಹಾವಿನದು ಸಹಜವಾದ ಧರ್ಮ.

ಈ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಅದು ಅಡಗಿರುತ್ತದೆ, ಹೆಚ್ಚಾಗಿ ಆಹಾರವನ್ನೂ ತೆಗೆದುಕೊಳ್ಳುವುದಿಲ್ಲ. ಹತ್ತಿರ ಹೋದವರ ಮೇಲೆ ಬೇಗನೆ ಸಿಟ್ಟಾಗುತ್ತದೆ. ಕೆಲವು ದಿನಗಳ ಬಳಿಕ ಕಣ್ಣು ಮತ್ತೆ ತಿಳಿಯಾಗುತ್ತದೆ. ಆಗ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಪೊರೆ ಬಿಡುವುದು ಅದಾಗಿ ಇನ್ನೂ ಕೆಲವು ದಿನಗಳ ಮೇಲೆ. ಕಣ್ಣು ಮಂಕಾದಂದಿನಿಂದ ಪೊರೆ ಕಳಚುವವರೆಗೆ ಒಂದರಿಂದ ಎರಡು ವಾರ ಹಿಡಿಯುವುದು ಸಾಮಾನ್ಯ.

ಕೊನೆಗೆ ಹಾವು ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಪೊರೆ ಬಿರಿಯುತ್ತದೆ. ಬಿರಿದ ಅಂಚು ಒರಟಾದ ವಸ್ತುವಿಗೆ ಸಿಕ್ಕಿಕೊಂಡಾಗ ಹಾವು ಮುಂದಕ್ಕೆ ಹರಿಯುತ್ತದೆ. ನಾವು ಕಾಲುಚೀಲವನ್ನು ಮೇಲಿನಿಂದ ಮಗುಚಿ ತೆಗೆಯುವಂತೆ ಪೊರೆಯು ಒಳಮೈ ಹೊರಗಾಗಿ ಕಳಚುತ್ತ ಹೋಗುತ್ತದೆ. ತಲೆಯ ಭಾಗವು ಆರಂಭಿಸಿದ ಜಾಗದಲ್ಲಿ ಉಳಿಯುತ್ತದೆ. ಬಾಲದ ಭಾಗ ಕಟ್ಟಕಡೆಗೆ ಬಿಡುತ್ತದೆ. ಆದ್ದರಿಂದ ಬಿದ್ದಿರುವ ಪೊರೆಯ ಬಾಲವು ಯಾವ ದಿಕ್ಕಿಗಿದೆಯೋ ಹಾವು ಹೋದದ್ದು ಆ ದಿಕ್ಕಿಗೆ. ಕಳಚುವಾಗ ಜಗ್ಗುವುದರಿಂದ ಪೊರೆಯು ಹಾವಿಗಿಂತ ಉದ್ದವಾಗಿರುತ್ತದೆ. ಪೊರೆಯನ್ನು ಅಳೆದು ಹಾವು ಇಷ್ಟುದ್ದವೆಂದು ಹೆದರುವವರು ಇದನ್ನು ನೆನಪಿಡಬೇಕು.

ಅಂಟಿಕೊಳ್ಳುವುದೇಕೆ?

ಮುಖ್ಯ ಕಾರಣ ಒಂದೇ: ತೇವ ಸಾಲದಿರುವುದು. ಗಾಳಿ ಒಣಗಿದ್ದರೆ, ಹಾವಿಗೆ ಕುಡಿಯಲು ನೀರು ಸಿಕ್ಕದಿದ್ದರೆ ಎರಡು ಪದರಗಳ ನಡುವಿನ ಪಸೆ ಬೇಗನೆ ಆರಿಹೋಗುತ್ತದೆ. ಗೋಡೆಗೆ ಅಂಟಿಸಿದ ಕಾಗದವನ್ನು ಮೈದಾ ಗೋಂದು ಹಸಿಯಾಗಿರುವಾಗ ಇಡಿಯಾಗಿ ತೆಗೆಯಬಹುದು. ಒಣಗಿದ ಮೇಲೆ ತೆಗೆಯಹೋದರೆ ಚೂರುಚೂರಾಗುತ್ತದೆ, ಸುಣ್ಣವೂ ಕಿತ್ತು ಬರುತ್ತದೆ. ಪೊರೆಯ ವಿಷಯವೂ ಹೀಗೆಯೇ.

ಬೇರೆ ಕಾರಣಗಳೂ ಉಂಟು. ಮೈ ಉಜ್ಜಲು ಒರಟಾದ ಕಲ್ಲು, ಕೊರಡು ಇಲ್ಲದಿರುವುದು; ಹಳೆಯ ಗಾಯದ ಕಲೆ; ಹಾವಿನ ಮೈಗೆ ಹತ್ತುವ ಸಣ್ಣ ಉಣ್ಣೆಗಳು; ಆಹಾರದ ಕೊರತೆ; ಬೇರೆ ರೋಗ; ಪೊರೆ ಬಿಡುವ ದಿನಗಳಲ್ಲಿ ಮತ್ತೆ ಮತ್ತೆ ಕೈಯಲ್ಲಿ ಹಿಡಿಯುವುದು. ಒಂದು ಸಲ ಅಂಟಿಕೊಂಡರೆ ಅದು ತೇವದ ದೋಷವಿರಬಹುದು. ತೇವವನ್ನು ಸರಿಪಡಿಸಿದ ಮೇಲೂ ಪ್ರತಿ ಸಲವೂ ಅಂಟಿಕೊಳ್ಳುತ್ತಿದ್ದರೆ ಹಾವಿನ ಆರೋಗ್ಯದಲ್ಲಿಯೇ ಏನೋ ಕೊರತೆ ಇದೆಯೆಂದು ತಿಳಿದು ಪಶುವೈದ್ಯರಿಗೆ ತೋರಿಸಬೇಕು.

ನಾವು ಬಾಲ್ಯದಲ್ಲಿ ಮಾಡಿದ ತಪ್ಪು

ಇದು ನಾವು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ಏಪ್ರಿಲ್ ತಿಂಗಳು. ಮನೆಯ ಹಿಂದಿನ ಗುಡ್ಡೆಯ ಹುಲ್ಲಿಗೆ ಯಾರೋ ಬೆಂಕಿ ಕೊಟ್ಟಿದ್ದರು. ಆಚೆ ಈಚೆ ಎಲ್ಲ ಕರಿ ಬೂದಿ. ಮರುದಿನ ಮಧ್ಯಾಹ್ನ ಒಂದು ಕೇರೆ ಹಾವು ಹಟ್ಟಿಯ ಮೂಲೆಗೆ ಬಂದು ಬಿದ್ದುಕೊಂಡಿತ್ತು. ಅದರ ಬೆನ್ನಿನ ಮೇಲೆ ಹಳೆಯ ಪೊರೆಯು ಒಣಗಿದ ಈರುಳ್ಳಿ ಸಿಪ್ಪೆಯಂತೆ ಅಲ್ಲಲ್ಲಿ ಎದ್ದು ನಿಂತಿತ್ತು. ನಾವು ಮೂವರು ಹುಡುಗರು. ಕೇರೆಗೆ ವಿಷವಿಲ್ಲವೆಂದು ಗೊತ್ತಿತ್ತು. ಆದ್ದರಿಂದ ಧೈರ್ಯವೂ ಇತ್ತು. ಪಾಪ, ಅದಕ್ಕೆ ತೊಂದರೆಯಾಗಿದೆ, ನಾವೇ ಬಿಡಿಸೋಣ ಎಂದುಕೊಂಡು ಕವೆಗೋಲಿನಿಂದ ಅದರ ಕುತ್ತಿಗೆಯನ್ನು ಒತ್ತಿ ಹಿಡಿದು ಪೊರೆಯನ್ನು ಕೈಯಿಂದ ಎಳೆದೆವು. ಒಂದು ಕಡೆ ಸುಲಭವಾಗಿ ಬಂತು. ಇನ್ನೊಂದು ಕಡೆ ಪೊರೆಯ ಸಂಗಡ ಹೊಸ ಚರ್ಮವೂ ಕಿತ್ತು ಬಂತು. ರಕ್ತ ಕಂಡು ಹೆದರಿ ಬಿಟ್ಟುಬಿಟ್ಟೆವು. ಹಾವು ಕಟ್ಟಿಗೆ ರಾಶಿಯೊಳಗೆ ಹೊಕ್ಕಿತು.

ನಾಲ್ಕು ದಿನಗಳ ಮೇಲೆ ಆ ಕಟ್ಟಿಗೆ ರಾಶಿಯ ಬುಡದಲ್ಲಿ ಇರುವೆ ಸಾಲು ಕಂಡಿತು. ಕೇರೆ ಸತ್ತಿತ್ತು. ನಮ್ಮ ಅಜ್ಜ ಬಂದು ನೋಡಿ, ಬೈಯಲಿಲ್ಲ. "ಒಂದು ಗೋಣಿಯನ್ನು ನೀರಲ್ಲಿ ಅದ್ದಿ ಆ ಮೂಲೆಯಲ್ಲಿ ಹಾಕಿ ಬಿಡಬೇಕಿತ್ತು ಮಕ್ಕಳೇ. ಅದರ ಕೆಲಸ ಅದಕ್ಕೆ ಗೊತ್ತು" ಎಂದಷ್ಟೇ ಹೇಳಿದರು. ಉಪಕಾರ ಮಾಡಬೇಕೆಂಬ ಮನಸ್ಸು ನಮಗಿತ್ತು. ಅದನ್ನು ಮಾಡುವ ಕ್ರಮ ಗೊತ್ತಿರಲಿಲ್ಲ. ಆ ವರ್ಷ ಭತ್ತದ ಪತ್ತಾಯದ ಸುತ್ತ ಇಲಿಗಳನ್ನು ಹಿಡಿಯಲು ಬೋನು ತರಬೇಕಾಯಿತೆಂಬುದೂ ನೆನಪಿದೆ.

ವಿದೇಶದಿಂದ ಬಂದ ಕರೆ

ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳಲ್ಲಿ ಅಮೆರಿಕದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ರಾತ್ರಿ ದೂರವಾಣಿಯಲ್ಲಿ ಮಾತಾಡಿದನು. ಅವನ ಮಗಳು ಕಾರ್ನ್ ಸ್ನೇಕ್ ಎಂಬ ಹಾವನ್ನು ಸಾಕಿದ್ದಳು. ಇದು ಅಮೆರಿಕದ ಆಗ್ನೇಯ ಭಾಗದ ಹಾವು. ಕಿತ್ತಳೆ ಕೆಂಪು ಬಣ್ಣ, ವಿಷವಿಲ್ಲ. ಇಲಿ ತಿನ್ನುವುದರಲ್ಲಿ ನಮ್ಮ ಕೇರೆಯ ಬಂಧುವೆನ್ನಬಹುದು. ಸ್ವಭಾವ ಸೌಮ್ಯವಾದುದರಿಂದ ಅಲ್ಲಿ ಬಹಳ ಜನರು ಇದನ್ನು ಸಾಕುತ್ತಾರೆ.

"ಮಾಸ್ಟ್ರೇ, ಪೊರೆ ಚೂರುಚೂರಾಗಿ ಬಂದಿದೆ. ಎರಡು ಕಣ್ಣಿನ ಮೇಲೂ ಹಾಗೇ ಉಳಿದಿದೆ. ಹುಬ್ಬಿನ ಕೂದಲು ಕೀಳುವ ಚಿಮಟವೊಂದಿದೆ, ಅದರಲ್ಲಿ ಮೆಲ್ಲ ಎಳೆದರೆ ಆದೀತಾ?" ಎಂದು ಕೇಳಿದನು. ನಮ್ಮ ಕಣ್ಣಿಗೆ ಆ ಹಟ್ಟಿಯ ಮೂಲೆ ಕಟ್ಟಿದಂತಾಯಿತು. "ಎಳೆಯಬೇಡ ಮಾರಾಯ. ಚಿಮಟ ಒಳಗಿಡು. ಮೊದಲು ಕೋಣೆಯಲ್ಲಿ ತೇವ ಎಷ್ಟಿದೆ ನೋಡು" ಎಂದೆವು.

ಹೊರಗೆ ಹಿಮ, ಒಳಗೆ ದಿನವಿಡೀ ಬಿಸಿಗಾಳಿಯ ಯಂತ್ರ. ತೇವಮಾಪಕದಲ್ಲಿ ನೋಡಿದರೆ ಗಾಳಿಯ ತೇವ ನೂರಕ್ಕೆ ೨೦ರಷ್ಟೇ ಇತ್ತು. ಕಾರ್ನ್ ಸ್ನೇಕ್ ಹಾವಿಗೆ ಸಾಮಾನ್ಯವಾಗಿ ನೂರಕ್ಕೆ ೪೦ರಿಂದ ೬೦ರಷ್ಟು ಬೇಕು. ಪೊರೆ ಬಿಡುವಾಗ ಇನ್ನೂ ತುಸು ಹೆಚ್ಚಿದ್ದರೆ ಒಳ್ಳೆಯದು. ಚಳಿಗಾಲದಲ್ಲಿ ಬಿಸಿ ಮಾಡಿದ ಮನೆಗಳಲ್ಲಿ ಈ ತೊಂದರೆ ಹೆಚ್ಚು ಕಾಣುವುದು ಇದೇ ಕಾರಣದಿಂದ. ಮರುದಿನವೇ ಹಾವಿನ ವೈದ್ಯವನ್ನು ಬಲ್ಲ ಪಶುವೈದ್ಯರ ಬಳಿಗೆ ಹೋಗುವಂತೆ ಹೇಳಿದೆವು. ಆ ವೈದ್ಯರು ಹೇಳಿದ ಕ್ರಮವು ನಮ್ಮ ಅಜ್ಜನ ಒದ್ದೆ ಗೋಣಿಯ ಕ್ರಮವೇ ಆಗಿತ್ತು. ಅಳತೆ, ಎಚ್ಚರಿಕೆಗಳು ಮಾತ್ರ ಹೆಚ್ಚು.

ಸಾಕಿದ ಹಾವಿಗೆ ಮಾಡತಕ್ಕ ಉಪಚಾರ

೧. ತೇವದ ಗೂಡು: ಹಾವು ಸುರುಳಿ ಸುತ್ತಿ ಕೂರುವಷ್ಟು ದೊಡ್ಡದಾದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದುಕೊಳ್ಳಬೇಕು. ಬದಿಯಲ್ಲಿ ಹಾವು ನುಗ್ಗುವಷ್ಟು ತೂತು ಮಾಡಿ ಅಂಚನ್ನು ನಯ ಮಾಡಬೇಕು. ಒಳಗೆ ಒದ್ದೆ ಪಾಚಿಯನ್ನೋ, ಹಿಂಡಿದ ಒದ್ದೆ ಬಟ್ಟೆಯನ್ನೋ, ತೆಂಗಿನ ನಾರಿನ ಹುಡಿಯನ್ನೋ ಹರಡಬೇಕು. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮುಟ್ಟಿದರೆ ತಂಪಾಗಿರಬೇಕು, ಅಷ್ಟೇ. ನಮ್ಮಲ್ಲಿ ಸಿಪ್ಪೆ ಸುಲಿದು ರಾಶಿ ಹಾಕುವ ತೆಂಗಿನ ನಾರಿನ ಹುಡಿಯನ್ನು ಹಾವು ಸಾಕುವವರು ದುಡ್ಡು ಕೊಟ್ಟು ಕೊಳ್ಳುತ್ತಾರೆಂಬುದನ್ನು ತೆಂಗಿನ ಬೆಳೆಗಾರರು ತಿಳಿದಿರಲಿ. ಈ ಗೂಡನ್ನು ಪೆಟ್ಟಿಗೆಯೊಳಗೆ ಬೆಚ್ಚಗಿರುವ ಕಡೆ ಇಡಬೇಕು. ಬಹಳಷ್ಟು ಹಾವುಗಳು ತಾವಾಗಿ ಒಳಹೊಕ್ಕು ಒಂದೆರಡು ದಿನದಲ್ಲಿ ಪೊರೆ ಬಿಡಿಸಿಕೊಳ್ಳುತ್ತವೆ. ಒದ್ದೆ ವಸ್ತುವನ್ನು ಆಗಾಗ ಬದಲಿಸದಿದ್ದರೆ ಬೂಸು ಹಿಡಿಯುತ್ತದೆ.

೨. ಉಗುರುಬೆಚ್ಚಗಿನ ನೀರು: ತೇವದ ಗೂಡಿನಿಂದಲೇ ಬಿಡದಿದ್ದರೆ ಮಾತ್ರ ಇದು. ನೀರಿನ ಬಿಸಿ ಸುಮಾರು ೨೮ರಿಂದ ೩೦ ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮ ಕೈಗೆ ಅದು ಬಿಸಿಯೆನಿಸಬಾರದು. ನೀರಿನ ಆಳ ಹಾವಿನ ಮೈಯ ದಪ್ಪಕ್ಕಿಂತ ಹೆಚ್ಚಿರಬಾರದು. ತಲೆಯನ್ನು ಸುಲಭವಾಗಿ ಮೇಲಿಡುವಂತಿರಬೇಕು. ೨೦ರಿಂದ ೩೦ ನಿಮಿಷ ಸಾಕು. ಅಷ್ಟು ಹೊತ್ತೂ ಪಕ್ಕದಲ್ಲಿ ಕುಳಿತಿರಬೇಕು. ಹಾವು ದಣಿದರೆ ಅಲ್ಪ ನೀರಿನಲ್ಲಿಯೂ ಮುಳುಗಬಹುದು.

೩. ಒದ್ದೆ ಬಟ್ಟೆಯ ದಾರಿ: ನೆನೆದ ಹಾವನ್ನು ಬೆಚ್ಚನೆಯ ಒದ್ದೆ ಟವೆಲಿನ ಮಡಿಕೆಗಳ ನಡುವೆ ಹರಿಯಲು ಬಿಡಬೇಕು. ನಾವು ಎಳೆಯುವುದಲ್ಲ, ಅದು ಹರಿಯುವುದು. ಬಟ್ಟೆಯ ಒರಟಿಗೆ ತಾಗಿ ಪೊರೆ ತಾನೇ ಸುಲಿಯುತ್ತದೆ. ಒಂದು ಕಡೆ ಬಿಡದಿದ್ದರೆ ಅಂದಿಗೆ ನಿಲ್ಲಿಸಿ ಮರುದಿನ ಮತ್ತೆ ನೆನೆಸಬೇಕು.

೪. ಒರಟಾದ ವಸ್ತು: ಪೆಟ್ಟಿಗೆಯಲ್ಲಿ ಒಂದು ಕಲ್ಲು, ಒಂದು ಕೊರಡು ಸದಾ ಇರಬೇಕು. ಚೂಪಾದ ಅಂಚಿರಬಾರದು.

೫. ಮಾಡಬಾರದ್ದು: ಒಣಗಿದ ಪೊರೆಯನ್ನು ಎಳೆಯಬಾರದು. ಎಣ್ಣೆ, ಸಾಬೂನು, ಅರಿಶಿನ, ಮುಲಾಮು ಹಚ್ಚಬಾರದು. ಪೊರೆ ಬಿಡುವ ದಿನಗಳಲ್ಲಿ ಬಲವಂತವಾಗಿ ತಿನ್ನಿಸಬಾರದು. ಮಕ್ಕಳ ಕೈಗೆ ಕೊಡಬಾರದು. ಹಾವನ್ನು ನೆನೆಸಿದ ಪಾತ್ರೆಯನ್ನು ಅಡುಗೆಗೆ ಬಳಸಬಾರದು. ಹಾವನ್ನೋ ಪೊರೆಯನ್ನೋ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಹಾವು, ಹಲ್ಲಿ, ಆಮೆಗಳ ಮೈಯಲ್ಲಿರುವುದುಂಟು.

ಕಣ್ಣು ಮತ್ತು ಬಾಲ

ಪೊರೆ ಸಿಕ್ಕಿದ ಕೂಡಲೇ ಎರಡು ಸ್ಥಳಗಳನ್ನು ನೋಡಬೇಕು. ಮೊದಲನೆಯದು ತಲೆಯ ಭಾಗ. ಅಲ್ಲಿ ಎರಡು ಸಣ್ಣ ದುಂಡನೆಯ ಕವಚಗಳು, ಅಭ್ರಕದ ಬಿಲ್ಲೆಗಳಂತೆ, ಇರಬೇಕು. ಅವು ಇರುವ ಕಡೆ ಬರಿಯ ತೂತು ಕಂಡರೆ ಕವಚವು ಕಣ್ಣಿನಲ್ಲಿಯೇ ಉಳಿದಿದೆಯೆಂದು ತಿಳಿಯಬೇಕು. ಹಾಗಿದ್ದಲ್ಲಿ ಉಗುರು, ಚಿಮಟ, ಅಂಟು ಕಾಗದ ಯಾವುದನ್ನೂ ಕಣ್ಣಿನ ಹತ್ತಿರ ತರಬಾರದು. ಹಳೆಯ ಕವಚದ ಕೆಳಗೇ ಹೊಸ ಕವಚವಿದೆ. ಅದು ಕಿತ್ತುಬಂದರೆ ಕಣ್ಣು ಒಣಗಿ ಕೆಡುತ್ತದೆ, ಹಾವು ಕುರುಡಾಗುತ್ತದೆ. ತೇವವನ್ನು ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾದರೆ ಅನೇಕ ವೇಳೆ ಎರಡೂ ಪದರ ಒಟ್ಟಿಗೆ ಬಿಡುತ್ತವೆ. ಆಗಲೂ ಬಿಡದಿದ್ದರೆ, ಕಣ್ಣು ಊದಿಕೊಂಡರೆ, ಅದು ವೈದ್ಯರ ಕೆಲಸ, ನಮ್ಮದಲ್ಲ.

ಎರಡನೆಯದು ಬಾಲದ ತುದಿ. ಕಣ್ಣಿನ ವಿಷಯದಲ್ಲಿ ಕಾಯಬಹುದು, ಬಾಲದ ವಿಷಯದಲ್ಲಿ ತಡ ಮಾಡಬಾರದು. ಬಾಲದ ಸುತ್ತ ಉಳಿದ ಪೊರೆಯು ಒಣಗಿದಂತೆ ಬಿಗಿಯುತ್ತದೆ. ಬೆರಳಿಗೆ ದಾರ ಬಿಗಿದು ಕಟ್ಟಿದರೆ ಬೆರಳು ಕಪ್ಪಾಗುವುದಷ್ಟೆ? ಹಾಗೆಯೇ ಅಲ್ಲಿಗೆ ರಕ್ತ ಹರಿಯದೆ ತುದಿ ಕಪ್ಪಾಗಿ ಒಣಗಿ ಉದುರುತ್ತದೆ. ಹುಣ್ಣು ಮೇಲಕ್ಕೂ ಏರಬಹುದು. ಆದ್ದರಿಂದ ಬಾಲದಲ್ಲಿ ಉಂಗುರದಂತೆ ಪೊರೆ ಕಂಡರೆ ಅಂದೇ ನೆನೆಸಲು ತೊಡಗಬೇಕು. ಎರಡು ಮೂರು ದಿನದಲ್ಲಿ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು.

ನಮ್ಮ ಶಿಷ್ಯನ ಮನೆಯ ಹಾವಿಗೆ ಹೀಗೆಯೇ ಆಯಿತು. ಮೈಯ ಪೊರೆ ಮೂರನೆಯ ದಿನ ಒದ್ದೆ ಪಾಚಿಯ ಗೂಡಿನಲ್ಲಿ ಬಿಟ್ಟುಹೋಯಿತು. ಕಣ್ಣುಗಳಿಗಾಗಿ ಕಾಯಿರೆಂದು ವೈದ್ಯರು ಹೇಳಿದರು. ಸುಮಾರು ಏಳು ವಾರಗಳ ಮೇಲೆ ಮುಂದಿನ ಪೊರೆ ಬಂತು, ಕವಚಗಳೆಲ್ಲವೂ ಅದರಲ್ಲಿದ್ದವು. ಆದರೆ ಬಾಲದ ತುದಿಯಲ್ಲಿ ಅದಕ್ಕೂ ಹಿಂದಿನ ಪೊರೆಯ ಉಂಗುರವೊಂದು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಒಂದು ಸೆಂಟಿಮೀಟರಿನಷ್ಟು ತುದಿ ಕಪ್ಪಾಗಿ ಉದುರಿತು. ಹಾವು ಬದುಕಿತು. ಈಗ ಆ ಹುಡುಗಿ ಪ್ರತಿಯೊಂದು ಪೊರೆಯನ್ನೂ ನೀರಿನಲ್ಲಿ ಬಿಡಿಸಿ, ಕಣ್ಣೆರಡು, ಬಾಲವೊಂದು ಎಂದು ಎಣಿಸಿ, ತಾರೀಕು ಬರೆದಿಡುತ್ತಾಳಂತೆ.

ನಮ್ಮ ಊರಿನ ಹಾವುಗಳಿಗೆ

ಮೇಲೆ ಹೇಳಿದ ಉಪಚಾರಗಳೆಲ್ಲ ಸಾಕಿದ, ವಿಷವಿಲ್ಲದ ಹಾವಿಗೆ ಮಾತ್ರ. ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದೂ, ಸಾಕುವುದೂ, ಕೊಲ್ಲುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳನ್ನು ಇಲ್ಲಿ ಸಾಕುವವರೂ ೨೦೨೪ರ ನಿಯಮಗಳಂತೆ ಅವುಗಳನ್ನು ನೋಂದಾಯಿಸತಕ್ಕದ್ದು. ಹಾಗಾದರೆ ನಮ್ಮ ತೋಟದ ಹಾವಿಗೆ ನಾವು ಮಾಡುವ ಸಹಾಯವೇನು? ಮುಟ್ಟದೆ ಮಾಡುವ ಸಹಾಯ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಈ ಚಿಂತೆಯಿಲ್ಲ. ಮಳೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಫೆಬ್ರವರಿಯಿಂದ ಮೇವರೆಗೆ ಗುಡ್ಡೆಗಳು ಒಣಗುತ್ತವೆ. ಆಗ ಹಾವು ತಂಪು ಹುಡುಕಿಕೊಂಡು ಸುರಂಗದ ಬಾಯಿಗೆ, ಬಚ್ಚಲಿನ ಹಿಂದಕ್ಕೆ, ಹಟ್ಟಿಗೆ ಬರುತ್ತದೆ. ಮನೆಯಿಂದ ದೂರದಲ್ಲಿ, ತೋಟದ ಒಂದು ಮೂಲೆಯಲ್ಲಿ, ಮುರಕಲ್ಲಿನ ಚೂರುಗಳ ಒಂದು ರಾಶಿ, ಅದರ ಬದಿಯಲ್ಲಿ ಕೊಳೆಯುವ ಸೋಗೆ, ಒಂದು ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರು ಇಟ್ಟರೆ ಹಾವಿಗೆ ಬೇಕಾದುದೆಲ್ಲ ಅಲ್ಲೇ ದೊರೆಯುತ್ತದೆ: ಉಜ್ಜಲು ಕಲ್ಲು, ಅಡಗಲು ತೇವ, ಕುಡಿಯಲು ನೀರು. ಅದು ಅಲ್ಲಿ ನಿಂತರೆ ಮನೆಯೊಳಗೆ ಬರುವುದು ಕಡಮೆಯಾಗುತ್ತದೆ. ಮನೆಯ ಗೋಡೆಗೆ ತಾಗಿಸಿ ಕಲ್ಲು, ಕಟ್ಟಿಗೆಗಳನ್ನು ರಾಶಿ ಹಾಕಬಾರದು. ಗುಡ್ಡೆಗೆ ಬೆಂಕಿ ಕೊಡಬಾರದು.

ಹಿರಿಯರು ನಾಗಬನದ ಮರಗಳಿಗೆ ಕತ್ತಿ ಹಾಕದೆ ಬಿಟ್ಟರು. ಭಕ್ತಿಯ ಮಾತು ಒತ್ತಟ್ಟಿಗಿರಲಿ; ಆ ಬನದೊಳಗೆ ಬೇಸಗೆಯಲ್ಲಿಯೂ ಎಲೆಗೊಬ್ಬರದ ತೇವ ಆರುವುದಿಲ್ಲ. ಬನವನ್ನು ಕಡಿದು ಸುತ್ತಲೂ ಸಿಮೆಂಟು ಹಾಸಿದರೆ ಕಲ್ಲಿನ ನಾಗನಿಗೆ ನೆರಳು ತಪ್ಪುತ್ತದೆ, ಜೀವದ ನಾಗನಿಗೆ ತೇವ ತಪ್ಪುತ್ತದೆ. ಹಾಗೆಯೇ ಹಾವಾಡಿಗರ ಒಣ ಬುಟ್ಟಿಯೊಳಗಿನ ಹಾವು ಹಾಲು ಕುಡಿದರೆ ಅದು ಬಾಯಾರಿಕೆಯಿಂದಲೇ ಹೊರತು ಹಾಲಿನ ಆಸೆಯಿಂದಲ್ಲ. ಹಾಲನ್ನು ಜೀರ್ಣಿಸುವ ಶಕ್ತಿ ಅದಕ್ಕಿಲ್ಲ.

ಕಣ್ಣು ಮಂಕಾದ ಹಾವನ್ನು ಕಂಡರೆ ದೂರ ನಿಲ್ಲಬೇಕು. ಕಡಂಬಳ, ಕನ್ನಡಿ ಹಾವು, ನಾಗರಹಾವುಗಳು ಈ ಹೊತ್ತಿನಲ್ಲಿ ಸರಿಯಾಗಿ ಕಾಣದೆ ಸುಮ್ಮನೆ ಕಚ್ಚಬಹುದು. ಮೈ ಮಂಕಾಗಿರುವುದರಿಂದ ಗುರುತಿಸುವುದೂ ಕಷ್ಟ. ಕೇರೆಯೆಂದು ತಿಳಿದು ಮುಟ್ಟಿದ್ದು ನಾಗರಹಾವಾದೀತು. ಯಾರಿಗಾದರೂ ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ವಿಷನಿವಾರಕ ಔಷಧವಿರುವ ಆಸ್ಪತ್ರೆಗೆ ಕೂಡಲೇ ಕೊಂಡೊಯ್ಯಬೇಕು.

ಇನ್ನೊಂದು ಮಾತು. ದೂರದಿಂದ ಪೊರೆ ಸಿಕ್ಕಿಕೊಂಡಂತೆ ಕಾಣುವುದು ಎಷ್ಟೋ ಸಲ ನೈಲಾನ್ ಬಲೆಯ ತುಂಡಾಗಿರುತ್ತದೆ. ತರಕಾರಿ ಗಿಡಗಳಿಗೂ ಮೀನಿನ ಕೆರೆಗೂ ಹಾಕಿದ ಬಲೆಯಲ್ಲಿ ಹಾವು ನುಗ್ಗಿ, ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಮೈ ಕೊಯ್ದುಕೊಳ್ಳುತ್ತದೆ. ಇದು ನೆನೆಸಿದರೆ ಬಿಡತಕ್ಕದ್ದಲ್ಲ, ಕತ್ತರಿಸಬೇಕಾದದ್ದು, ತರಬೇತಾದವರೇ ಕತ್ತರಿಸಬೇಕು. ಕೇರಳದಲ್ಲಿ ಅರಣ್ಯ ಇಲಾಖೆಯು ೨೦೨೦ರಲ್ಲಿ ಹೊರತಂದ 'ಸರ್ಪ' ಎಂಬ ಮೊಬೈಲ್ ಆ್ಯಪ್ ಮೂಲಕ ಹತ್ತಿರದ ತರಬೇತಾದ ಹಾವು ರಕ್ಷಕರನ್ನು ಕರೆಯಬಹುದು. ಬೇರೆ ರಾಜ್ಯಗಳ ವಾಚಕರು ತಮ್ಮ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು. ಉಪಯೋಗವಿಲ್ಲದ ಬಲೆಯನ್ನು ಬೇಲಿಯಲ್ಲಿ ಬಿಡದೆ ಸುತ್ತಿ ಒಳಗಿಟ್ಟರೆ ಯಾರನ್ನೂ ಕರೆಯಬೇಕಾಗುವುದಿಲ್ಲ.

ಹುಡುಗನಿಗೆ ಕೊಟ್ಟ ಮನೆಪಾಠ

ಮೂರು ತುಂಡಿನ ಪೊರೆ ತಂದ ಹುಡುಗನಿಗೆ ಅಂದು ನಾವು ಒಂದು ಕೆಲಸ ಕೊಟ್ಟೆವು. ಅಪ್ಪನನ್ನು ಕೇಳಿ, ಅಪ್ಪನ ಜೊತೆಯಲ್ಲಿಯೇ, ಬೆಳಗ್ಗೆ ಬಿಸಿಲೇರಿದ ಮೇಲೆ, ಆ ಕಟ್ಟೆಯಿಂದ ದೂರ ನಿಂತು ತೋಟದ ಪೈಪಿನಿಂದ ಕಟ್ಟೆಯ ಬುಡದ ಮಣ್ಣಿಗೆ ನೀರು ಬಿಡುವುದು. ಒಂದು ಮಣ್ಣಿನ ಪಾತ್ರೆಯನ್ನು ಅಪ್ಪನ ಕೈಯಿಂದಲೇ ಇಡಿಸುವುದು. ಸಂದಿನೊಳಗೆ ಕೈ ಹಾಕದಿರುವುದು. ಅವನು ಮಳೆ ಬರುವವರೆಗೂ ಬಿಡದೆ ನಡೆಸಿದನು.

ಶಾಲೆ ಮತ್ತೆ ತೆರೆದ ಮೇಲೆ, ಜೂನ್ ಕೊನೆಗೆ, ಇನ್ನೊಂದು ಬಾಳೆಲೆಯ ಕಟ್ಟು ಬಂತು. ಅದೇ ಹಾವಿನದೋ ಬೇರೆಯದೋ ಹೇಳುವುದು ಸಾಧ್ಯವಿಲ್ಲ. ತರಗತಿಯ ಮಕ್ಕಳೆಲ್ಲ ಸುತ್ತ ನಿಂತರು. ಪೊರೆಯನ್ನು ನೀರಿನಲ್ಲಿ ನೆನೆಸಿ ಹಲಗೆಯ ಮೇಲೆ ಮೆಲ್ಲನೆ ಬಿಡಿಸಿದೆವು. ಹುಡುಗನು ಬೆರಳು ತೋರಿಸುತ್ತ ತಾನೇ ಎಣಿಸಿದನು: ಕಣ್ಣು ಒಂದು, ಕಣ್ಣು ಎರಡು, ಬಾಲದ ತುದಿ. ಎಲ್ಲವೂ ಇದ್ದವು. ಆಮೇಲೆ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆದೆವು.